ರಿಸೀವರ್‌ಗೆ ವೈಫೈ ಆಮೇಲೆ, ಮೊದಲು ಸಬ್‌ವೂಫರ್

ಮಂಡ್ಯದ ಸ್ನೇಹಿತರು ಹೊಸ ಮನೆಯ ಹಾಲ್‌ಗೆ 5.1 (ಐದು ಸ್ಪೀಕರ್, ಜೊತೆಗೆ ಮಂದ್ರ ಸದ್ದಿಗೆ ಒಂದು ಸಬ್‌ವೂಫರ್) ಕೂರಿಸುತ್ತಿದ್ದಾರೆ. ನೆಟ್ ಇಲ್ಲದ ರಿಸೀವರ್ (ಸ್ಪೀಕರ್‌ಗಳನ್ನೆಲ್ಲ ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ದಂಡ ಎಂದು ಅಂಗಡಿಯವರು ಹೇಳಿದ್ದರಿಂದ, ಸಬ್‌ವೂಫರ್ ಮುಂದಿನ ವರ್ಷಕ್ಕೆ ಬಿಟ್ಟು ಆ ದುಡ್ಡಿನಲ್ಲಿ ವೈಫೈ ಇರುವ ಮಾದರಿ ಕೊಳ್ಳಲೇ ಎಂದು ಕೇಳಿದ್ದಾರೆ. ಬೇಡ ಸರ್, ದಯವಿಟ್ಟು ಬೇಡ. ಇದೇ ಲೆಕ್ಕ ಹಾಕಿ ನಾನೂ ಸಬ್ ಬಿಟ್ಟಿದ್ದೆ. ಸಿನಿಮಾದ ಬುಡವೇ ಇಲ್ಲದ ಸದ್ದು ಕೇಳಿಕೊಂಡು ಕೂತಿದ್ದಾಯಿತು, ವೈಫೈ ಮಾತ್ರ ಹಬ್ಬಕ್ಕೊಮ್ಮೆ ಬಳಕೆಗೆ ಬಂತು.

ನಿಮ್ಮ ಟಿವಿಯೇ ಸ್ಮಾರ್ಟ್ ಟಿವಿ. ನೆಟ್‌ಫ್ಲಿಕ್ಸ್, ಪ್ರೈಮ್ ಎಲ್ಲವೂ ಅದರಲ್ಲೇ ಓಡುತ್ತವೆ. ಅಲ್ಲಿಂದ ಒಂದು ಎಚ್‌ಡಿಎಂಐ ಕೇಬಲ್ ಇಆರ್ಕ್ ಪೋರ್ಟ್ (ಟಿವಿಯ ಸದ್ದನ್ನು ರಿಸೀವರ್‌ಗೆ ಕಳಿಸುವ ಎಚ್‌ಡಿಎಂಐ ಕಿಂಡಿ) ಮೂಲಕ ರಿಸೀವರ್‌ಗೆ ಬಂದರೆ ಮುಗಿಯಿತು. ಹಳೆಯ ಆರ್ಕ್ ಆದರೂ ಸ್ಟ್ರೀಮಿಂಗ್‌ಗೆ ಸಾಲುತ್ತದೆ, ಏಕೆಂದರೆ ಅಲ್ಲಿ ಅಟ್ಮೋಸ್ (ತಲೆಯ ಮೇಲಿನಿಂದಲೂ ಸದ್ದು ತರುವ ಡಾಲ್ಬಿ ವಿಧಾನ) ಬರುವುದೂ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲೇ. ಆಪ್ಟಿಕಲ್ ಕೇಬಲ್ ಹಾಕಿದರೆ ಆ ಪ್ಲಸ್ ದಾಟುವುದಿಲ್ಲ, ಸಾದಾ ಡಾಲ್ಬಿ ಡಿಜಿಟಲ್‌ಗೆ ಇಳಿಯುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂನಲ್ಲಿ (ಇಲ್ಲಿ ಹೆಚ್ಚಾಗಿ ಎರಡೇ ಚಾನೆಲ್ ಸದ್ದು ಹೋಗುತ್ತದೆ) ಇದ್ದರೆ ಪಾಸ್‌ಥ್ರೂ ಅಥವಾ ಆಟೋ ಮಾಡಿ. ಅಲ್ಲಿ ಪಿಸಿಎಂ ಬಿಟ್ಟು, ಹಿಂದಿನ ಸ್ಪೀಕರ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋದವರನ್ನು ನೋಡಿದ್ದೇನೆ.

ಹಾಗಾದರೆ ರಿಸೀವರ್‌ಗೆ ನೆಟ್ ಯಾವುದಕ್ಕೆ? ಮುಖ್ಯವಾಗಿ ಕೋಣೆಯ ತಿದ್ದುಪಡಿಗೆ, ಅಂದರೆ ಮೈಕ್‌ನಿಂದ ಅಳೆದು ಸದ್ದನ್ನು ಕೋಣೆಗೆ ಹೊಂದಿಸುವುದಕ್ಕೆ. ಓಂಕ್ಯೊ ರಿಸೀವರ್‌ಗಳಲ್ಲಿ ಬರುವ ಡಿರಾಕ್ ಎಂಬ ತಿದ್ದುಪಡಿ ನಡೆಯುವುದೇ ನೆಟ್‌ವರ್ಕ್ ಮೇಲೆ. ಡೆನಾನ್‌ನ ಆಡಿಸ್ಸಿ ಪೆಟ್ಟಿಗೆಯಲ್ಲಿ ಬರುವ ಮೈಕ್‌ನಿಂದಲೇ ಅಳೆಯುತ್ತದೆ, ಆದರೆ ತಿದ್ದುಪಡಿ ಎಷ್ಟು ಹರ್ಟ್ಸ್‌ಗೆ ನಿಲ್ಲಬೇಕೆಂದು ಹೇಳಲು ಮೊಬೈಲ್ ಆಪ್ ಬೇಕು, ಅದಕ್ಕೂ ದುಡ್ಡು ಕೊಡಬೇಕು. ಅದನ್ನು ಕೊಂಡವರಿಗೆ ನನ್ನ ಸಲಹೆ: ಹೆಚ್ಚೆಂದರೆ 300–500 ಹರ್ಟ್ಸ್‌ವರೆಗಿನ ಮಂದ್ರ ಸದ್ದನ್ನು ಮಾತ್ರ ತಿದ್ದಿಸಿ, ಮೇಲಿನದನ್ನು ಮುಟ್ಟಬೇಡಿ. ಯಮಹಾದ ಇಂಥದೇ ತಿದ್ದುಪಡಿಯಾದ ವೈಪಿಎಒಗೆ ಆಪ್ ಹಂಗಿಲ್ಲ, ನನಗೆ ಅದೇ ಇಷ್ಟ. ಯಾವುದೇ ಆಗಲಿ, ವಿಟ್ರಿಫೈಡ್ ಟೈಲ್ಸ್ ಹಾಸಿದ ಬರಿಯ ಹಾಲ್‌ನ ಗಣಗಣವನ್ನು ಸಾಫ್ಟ್‌ವೇರ್ ಅಳಿಸುವುದಿಲ್ಲ. ಸೋಫಾದ ಮುಂದೆ ಒಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ ಹಾಕಿ, ಆಮೇಲೆ ಮೈಕ್ ಇಡಿ.

ಎರಡನೆಯದು ಫರ್ಮ್‌ವೇರ್, ಅಂದರೆ ರಿಸೀವರ್ ಒಳಗಿನ ತಂತ್ರಾಂಶದ ಅಪ್‌ಡೇಟ್. ಇದರಲ್ಲಿ ನನಗೆ ಬಿದ್ದ ಪೆಟ್ಟು ದೊಡ್ಡದು. ಏಪ್ರಿಲ್ ಸಂಜೆ, ಮೈಸೂರಿನಲ್ಲಿ ಮುಂಗಾರುಪೂರ್ವ ಮಳೆಯ ಗುಡುಗು ಶುರುವಾಗಿತ್ತು. ಪರದೆಯ ಮೇಲೆ ‘ಹೊಸ ಅಪ್‌ಡೇಟ್ ಇದೆ’ ಎಂದು ಬಂತು, ರಿಮೋಟ್ ಒತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೆ ಟಿವಿ ಗೋಡೆಯ ಸಾಕೆಟ್ ಆ ಲೈನಿನಲ್ಲಿ ಇರಲಿಲ್ಲ. ಕರೆಂಟ್ ಬಂದ ಮೇಲೆ ಕೆಂಪು ದೀಪ ಮಿಣುಕುತ್ತಲೇ ಇತ್ತು, ಡಿಸ್‌ಪ್ಲೇ ಏಳಲಿಲ್ಲ. ರಿಸೀವರ್ ಬೆಂಗಳೂರಿಗೆ ಹೋಗಿ ಬೋರ್ಡ್ ಬದಲಾಯಿಸಿಕೊಂಡು ಬಂತು. ಅಂದಿನಿಂದ ನನ್ನ ಪದ್ಧತಿ ಒಂದೇ: ಅಪ್‌ಡೇಟ್ ತಾನಾಗಿ ಆಗುವ ಆಯ್ಕೆಯನ್ನು ಮೊದಲ ದಿನವೇ ಆಫ್ ಮಾಡುವುದು; ಕಂಪನಿಯ ತಾಣದಲ್ಲಿ ಆ ಮಾದರಿಗೆ ಯುಎಸ್‌ಬಿ ಕಡತ ಸಿಕ್ಕರೆ ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುವುದು; ಬೆಳಿಗ್ಗೆ, ಮೋಡವಿಲ್ಲದಾಗ, ಇನ್ವರ್ಟರ್ ಲೈನಿನಿಂದ ಹಾಕುವುದು. ಇನ್ವರ್ಟರ್ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ. ಎಲ್ಲ ಸರಿಯಾಗಿ ನಡೆಯುತ್ತಿದ್ದರೆ, ತೊಂದರೆ ಇಲ್ಲದ ಯಂತ್ರಕ್ಕೆ ಅಪ್‌ಡೇಟ್ ಹಾಕಲೇಬೇಡಿ.

ಇನ್ನೊಂದು ಮಾತು. ಆಂಪ್ಲಿಫೈಯರ್ ಭಾಗ ಹದಿನೈದು ವರ್ಷ ಬಾಳುತ್ತದೆ, ನೆಟ್‌ವರ್ಕ್ ಭಾಗ ಬಾಳುವುದಿಲ್ಲ. 2025ರ ಮಾರ್ಚ್‌ನಲ್ಲಿ ಪ್ರಮಾಣಪತ್ರದ ಅವಧಿ ಮುಗಿದದ್ದಕ್ಕೇ ಟಿವಿಗೆ ಚುಚ್ಚುವ ಗೂಗಲ್‌ನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಕೆಲ ದಿನ ಸ್ತಬ್ಧವಾದವು. ಹಾಗಾಗಿ ನೆಟ್‌ನ ಬುದ್ಧಿ ರಿಸೀವರ್ ಒಳಗಲ್ಲ, ಇಂಥ ಹೊರಗಿನ ಸ್ಟಿಕ್‌ನಲ್ಲಿ ಇರಲಿ, ಹಳತಾದರೆ ಅದನ್ನಷ್ಟೇ ಬಿಸಾಡಬಹುದು.

ಆದರೆ ಎತ್ತರದ ಸ್ಪೀಕರ್ ಬೇಕು, ನಿಜವಾದ ಅಟ್ಮೋಸ್ ಬೇಕು ಎಂದರೆ ಏಳು ಚಾನೆಲ್ಲಿಗೆ ಹೋಗಬೇಕು. ಅಲ್ಲಿ ಹೆಚ್ಚುಕಡಿಮೆ ಎಲ್ಲ ಮಾದರಿಗಳಲ್ಲೂ ನೆಟ್ ಬಂದೇ ಇರುತ್ತದೆ, ಈ ಪ್ರಶ್ನೆಯೇ ಏಳುವುದಿಲ್ಲ. ಅದು ಬೇಡವೆಂದರೆ ಡೆನಾನ್ ಎಕ್ಸ್580ಬಿಟಿಯಂಥ ಬ್ಲೂಟೂತ್ ಮಾತ್ರ ಇರುವ 5.2 (ಎರಡು ಸಬ್ ಜೋಡಿಸಬಹುದಾದ) ಮಾದರಿ ನಿಮ್ಮ ಹಾಲ್‌ಗೆ ಸಾಕು. ಐಫೋನ್‌ನಿಂದ ಏರ್‌ಪ್ಲೇ ಮಾಡುವ (ವೈಫೈ ಮೂಲಕ ಹಾಡು ಕಳಿಸುವ), ಕೋಣೆಕೋಣೆಗೂ ಹಾಡು ಹರಿಸುವ ಅಭ್ಯಾಸ ಮನೆಯವರಿಗೆ ಇದ್ದರೆ ಮಾತ್ರ ನಿಮ್ಮ ಅಂಗಡಿಯವರ ಮಾತು ಸರಿ.

ಪ್ಲಾಸ್ಟರ್ ಇನ್ನೂ ಆಗಿಲ್ಲ ಎಂದಿದ್ದೀರಿ, ಅದು ಅದೃಷ್ಟ. ರೂಟರ್ ಜಾಗದಿಂದ ಟಿವಿ ಗೋಡೆಗೆ ಪ್ರತ್ಯೇಕ ಪೈಪ್ ಹಾಕಿಸಿ, ಕ್ಯಾಟ್6 ನೆಟ್‌ವರ್ಕ್ ಕೇಬಲ್ ಜೊತೆಗೆ ಒಂದು ಎಳೆಯುವ ತಂತಿಯನ್ನೂ ಒಳಗೆ ಬಿಡಿಸಿ. ಕರೆಂಟ್ ಪೈಪಿನೊಳಗೆ ತುರುಕಲು ಎಲೆಕ್ಟ್ರಿಷಿಯನ್ ಹೊರಟರೆ ನಿಂತು ತಡೆಯಿರಿ. ತಾರಸಿಯ ಡಿಶ್‌ನಿಂದ ಬರುವ ಕೇಬಲ್ಲನ್ನು ಮಾತ್ರ ಸಿಡಿಲಿನ ದಿನ ಕಿತ್ತಿಡಿ. ಅದೇ ದಾರಿಯಲ್ಲಿ ಬಂದ ಹೊಡೆತ ಸೆಟ್‌ಟಾಪ್ ಬಾಕ್ಸ್ ದಾಟಿ ಎಚ್‌ಡಿಎಂಐ ಪೋರ್ಟ್ ಸುಡುತ್ತದೆ. ಫೈಬರ್‌ಗೆ ಆ ಭಯವಿಲ್ಲ.

ಟಿವಿಯ ಮಾದರಿ ಸಂಖ್ಯೆ ಇಲ್ಲಿ ಹಾಕಿ. ಇಆರ್ಕ್ ಯಾವ ಪೋರ್ಟಿನಲ್ಲಿದೆ ಎಂದು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಂಗಡಿಗೆ ಮುಂಗಡ ಕೊಡಬೇಡಿ.