ಮೈಕೋ ಷೇರುಪತ್ರ ಕೈಯಲ್ಲಿದೆ, ಕಂಪನಿ ಈಗ ಬಾಷ್: ಹಳೆಯ ಕಾಗದಕ್ಕೆ ಬೆಲೆಯಿದೆಯೇ?

ಪ್ರಶ್ನೆ: ನಮ್ಮ ತಂದೆಯವರು ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಳೆದ ವರ್ಷ ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ‘ಮೋಟಾರ್ ಇಂಡಸ್ಟ್ರೀಸ್ ಕಂಪನಿ ಲಿಮಿಟೆಡ್’ (ಮೈಕೋ) ಹೆಸರಿನ ಷೇರುಪತ್ರಗಳು ಸಿಕ್ಕಿವೆ. ಮೈಕೋವನ್ನು ಬಾಷ್ ಕೊಂಡುಕೊಂಡಿತು, ಹಳೆಯ ಕಂಪನಿ ಮುಚ್ಚಿತು, ಇವು ಬರೀ ಕಾಗದ ಎಂದು ಊರಿನಲ್ಲಿ ಹೇಳುತ್ತಾರೆ. ನನ್ನ ತಮ್ಮ ಬಾಷ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಅದೂ ಇದೇ ಕಂಪನಿಯೇ?
– ಓದುಗರು, ಬಾಗಲೂರು, ಹೊಸೂರು ತಾಲ್ಲೂಕು

ಉತ್ತರ: ಆ ಪತ್ರಗಳನ್ನು ದಯವಿಟ್ಟು ಜೋಪಾನವಾಗಿಡಿ. ಮೈಕೋ ಮುಚ್ಚಲಿಲ್ಲ. 1951ರಲ್ಲಿ ನೋಂದಣಿಯಾದ ಅದೇ ಕಂಪನಿ 2008ರಲ್ಲಿ ‘ಬಾಷ್ ಲಿಮಿಟೆಡ್’ ಎಂದು ಹೆಸರು ಬದಲಿಸಿಕೊಂಡಿತು, ನಡೆದದ್ದು ಅಷ್ಟೇ.

ಊರಿನವರ ತಪ್ಪು ತಿಳಿವಳಿಕೆಗೂ ಒಂದು ಕಾರಣವಿದೆ. ರಾಬರ್ಟ್ ಬಾಷ್ 1886ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಣ್ಣದೊಂದು ಕಾರ್ಯಾಗಾರವನ್ನು ಆರಂಭಿಸಿದರು. ಎಂಜಿನ್‌ಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೋದಿಂದ ಅದು ಹೆಸರು ಮಾಡಿತು. 1927ರಲ್ಲಿ ಡೀಸೆಲ್ ಇಂಜೆಕ್ಷನ್ ಪಂಪಿನ ತಯಾರಿಕೆಯನ್ನೂ ಕೈಗೆತ್ತಿಕೊಂಡಿತು. ಭಾರತಕ್ಕೆ 1922ರಲ್ಲೇ ಕಲ್ಕತ್ತೆಯ ಮೂಲಕ ಮಾರಾಟಗಾರನಾಗಿ ಬಂದಿದ್ದ ಬಾಷ್, ಇಲ್ಲಿಯೇ ತಯಾರಿಸುವ ಹಂತಕ್ಕೆ ಬಂದಾಗ ಭಾರತೀಯ ಹೆಸರಿನ ಪ್ರತ್ಯೇಕ ಕಂಪನಿಯೊಂದರಲ್ಲಿ ಪಾಲುದಾರನಾಯಿತು. ಅದೇ ಮೈಕೋ. ನಮ್ಮ ರೈತರ ಬಾಯಲ್ಲಿ ಟ್ರಾಕ್ಟರಿನ ಡೀಸೆಲ್ ಪಂಪು ಇಂದಿಗೂ ‘ಮೈಕೋ ಪಂಪು’ ಆಗಿಯೇ ಉಳಿದಿರುವುದರಿಂದ ಹೊಸ ಹೆಸರು ಕಂಡಾಗ ಯಾರೋ ಹೊರಗಿನವರು ಬಂದು ಕೊಂಡುಕೊಂಡರೆಂದು ಜನ ಭಾವಿಸಿದರು. ಆದರೆ ಹೆಸರು ಬದಲಾಗುವುದಕ್ಕೆ ದಶಕಗಳ ಮುಂಚೆಯೇ ಮೈಕೋ ಬಾಷ್‌ನ ಅಂಗಸಂಸ್ಥೆಯಾಗಿತ್ತು.

ಅಂಗಸಂಸ್ಥೆ ಎಂಬ ಮಾತಿಗೆ ಕಾನೂನಿನಲ್ಲಿ ನಿಖರವಾದ ಅರ್ಥವಿದೆ. 2013ರ ಕಂಪನಿಗಳ ಕಾಯ್ದೆಯ ಪ್ರಕಾರ ಒಂದು ಕಂಪನಿಯ ಒಟ್ಟು ಮತದಾನದ ಹಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚಿನದು ಮತ್ತೊಂದರ ಕೈಯಲ್ಲಿದ್ದರೆ, ಅಥವಾ ಅದರ ನಿರ್ದೇಶಕ ಮಂಡಳಿಯಲ್ಲಿ ಯಾರಿರಬೇಕೆಂಬುದು ಆ ಮತ್ತೊಂದರ ಹತೋಟಿಯಲ್ಲಿದ್ದರೆ ಅದು ಅಂಗಸಂಸ್ಥೆ. ಬಾಷ್ ಲಿಮಿಟೆಡ್‌ನಲ್ಲಿ ಜರ್ಮನ್ ಮಾತೃಸಂಸ್ಥೆಯ ಪಾಲು ಸುಮಾರು ಶೇ. 70. ಉಳಿದದ್ದು ನಿಮ್ಮ ತಂದೆಯವರಂಥ ಸಾರ್ವಜನಿಕರದು ಮತ್ತು ಹೂಡಿಕೆ ಸಂಸ್ಥೆಗಳದು. ಸ್ಟುಟ್‌ಗಾರ್ಟ್‌ನ ಮಾತೃಸಂಸ್ಥೆಯ ಬಂಡವಾಳದಲ್ಲಿ ಶೇ. 90ಕ್ಕೂ ಹೆಚ್ಚು ಒಂದು ದತ್ತಿ ಪ್ರತಿಷ್ಠಾನದ ಸ್ವತ್ತಾಗಿದ್ದು, ಅದರ ಷೇರು ಯಾವ ಪೇಟೆಯಲ್ಲೂ ಸಿಗುವುದಿಲ್ಲ. ಜರ್ಮನಿಯ ಸಾಮಾನ್ಯ ಹೂಡಿಕೆದಾರನಿಗೆ ಅಲ್ಲಿ ಸಿಗದ ಪಾಲುಗಾರಿಕೆ ಆಡುಗೋಡಿಯ ಕಾರ್ಮಿಕನೊಬ್ಬನಿಗೆ ಇಲ್ಲಿ ಸಿಕ್ಕಿತ್ತು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹೆಸರು ಬದಲಾದಾಗ ಜಾರಿಯಲ್ಲಿದ್ದ 1956ರ ಕಾಯ್ದೆಯ 23ನೆಯ ಪ್ರಕರಣ, ಹೆಸರಿನ ಬದಲಾವಣೆಯಿಂದ ಕಂಪನಿಯ ಹಕ್ಕುಗಳಿಗಾಗಲಿ ಹೊಣೆಗಾರಿಕೆಗಳಿಗಾಗಲಿ ಬಾಧೆಯಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಿತ್ತು. ಮೈಕೋ ಹೊತ್ತಿದ್ದ ಹೊಣೆಯನ್ನು ಬಾಷ್ ಲಿಮಿಟೆಡ್ ಹೊಸದಾಗಿ ವಹಿಸಿಕೊಳ್ಳಬೇಕಾದ ಪ್ರಶ್ನೆಯೇ ಬರಲಿಲ್ಲ, ಏಕೆಂದರೆ ಕಾನೂನಿನ ಕಣ್ಣಿಗೆ ವ್ಯಕ್ತಿ ಒಬ್ಬನೇ.

ಎಲ್ಲ ಕಂಪನಿಗಳಲ್ಲೂ ಹೀಗೆಯೇ ಎಂದು ತಿಳಿಯಬಾರದು. ಲಾರಿಗಳ ಏರ್ ಬ್ರೇಕ್ ತಯಾರಿಸುತ್ತಿದ್ದ ಚೆನ್ನೈನ ಸುಂದರಂ-ಕ್ಲೇಟನ್ ಕಂಪನಿಯ ಚರಿತ್ರೆ ಬೇರೆಯೇ. 1962ರಲ್ಲಿ ಇಂಗ್ಲೆಂಡಿನ ಕ್ಲೇಟನ್ ಡಿವಾಂಡ್ರೆ ಸಹಯೋಗದಲ್ಲಿ ಹುಟ್ಟಿದ ಆ ಕಂಪನಿಯಿಂದ ಬ್ರೇಕಿನ ವ್ಯವಹಾರವನ್ನು 2008ರ ಸುಮಾರಿಗೆ ವಿಭಜಿಸಿ ಬೇರೆ ಕಂಪನಿಗೆ ಕೊಟ್ಟರು. ಅದು ವಾಬ್ಕೋ ಇಂಡಿಯಾ ಆಯಿತು. 2020ರಲ್ಲಿ ಜರ್ಮನಿಯ ಜ಼ಡ್‌ಎಫ್ ವಾಬ್ಕೋವನ್ನು ಜಾಗತಿಕವಾಗಿ ಕೊಂಡ ಮೇಲೆ ಈಗ ಜ಼ಡ್‌ಎಫ್ ಹೆಸರಿನಲ್ಲಿದೆ. ಇಲ್ಲಿ ವಿಭಜನೆ, ಮಾರಾಟ, ಹೆಸರಿನ ಬದಲಾವಣೆ ಮೂರೂ ನಡೆದಿವೆ. ವಿಭಜನೆಗೆ ಹಿಂದಿನ ಸುಂದರಂ-ಕ್ಲೇಟನ್ ಪತ್ರಗಳು ಹೊಸೂರಿನ ಯಾರ ಮನೆಯಲ್ಲಾದರೂ ಇದ್ದರೆ, ಅವರು ಒಂದಕ್ಕಿಂತ ಹೆಚ್ಚು ಕಂಪನಿಗಳಲ್ಲಿ ವಿಚಾರಿಸಬೇಕಾಗುತ್ತದೆ.

ನಿಮ್ಮ ತಮ್ಮ ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿ ಅದೇ ಮಾತೃಸಂಸ್ಥೆಯ ಮತ್ತೊಂದು ಅಂಗಸಂಸ್ಥೆ. ಒಂದೇ ತಾಯಿಯ ಮಕ್ಕಳಾದರೂ ಖಾತೆ, ಷೇರು, ಲೆಕ್ಕಪತ್ರ ಎಲ್ಲವೂ ಬೇರೆ. ನಿಮ್ಮ ಷೇರಿನ ವಿಚಾರ ಅಲ್ಲಿ ಇತ್ಯರ್ಥವಾಗದು.

ಇನ್ನು ಮಾಡಬೇಕಾದ ಕೆಲಸ. 2019ರ ಏಪ್ರಿಲ್ 1ರಿಂದ ಕಾಗದದ ಷೇರುಗಳನ್ನು ಮಾರಿ ವರ್ಗಾಯಿಸಲು ಅವಕಾಶವಿಲ್ಲವಾದರೂ, ಮರಣದ ನಂತರ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಮೊದಲು ಡಿಮ್ಯಾಟ್ ಖಾತೆ, ಅಂದರೆ ಷೇರುಗಳನ್ನು ಕಾಗದವಿಲ್ಲದೆ ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆ ತೆರೆಯಿರಿ. ಷೇರುಪತ್ರದ ಮೇಲಿರುವ ಫೋಲಿಯೋ (ಷೇರುದಾರರ ಖಾತೆ) ಸಂಖ್ಯೆಯನ್ನು ನಮೂದಿಸಿ, ಷೇರುಗಳ ಈಗಿನ ಸಂಖ್ಯೆ ಎಷ್ಟು, ಲಾಭಾಂಶ ಎಲ್ಲಿಯವರೆಗೆ ಪಾವತಿಯಾಗಿದೆ ಎಂದು ಕೇಳಿ ಬಾಷ್ ಲಿಮಿಟೆಡ್‌ನ ಕಂಪನಿ ಕಾರ್ಯದರ್ಶಿಗೆ ಪತ್ರ ಬರೆಯಿರಿ. ವಿಳಾಸ ಇಂದಿಗೂ ಹೊಸೂರು ರಸ್ತೆ, ಆಡುಗೋಡಿಯೇ. ಸತತ ಏಳು ವರ್ಷ ಲಾಭಾಂಶವನ್ನು ಯಾರೂ ಪಡೆಯದಿದ್ದರೆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗಿರುತ್ತವೆ; ಆಗಲೂ ಅವು ಕಳೆದುಹೋಗುವುದಿಲ್ಲ, ಐಇಪಿಎಫ್-5 ಅರ್ಜಿಯ ಮೂಲಕ ಮರಳಿ ಪಡೆಯಬಹುದು.

ತಮಿಳುನಾಡಿನ ಗಡಿಭಾಗದಲ್ಲಿರುವ ನಮಗೆ ಮಾತ್ರ ಎದುರಾಗುವ ತೊಡಕೊಂದನ್ನು ಈಗಲೇ ಹೇಳಿಬಿಡುತ್ತೇನೆ. ತಮಿಳು ಲಿಪಿಯಲ್ಲಿ ಪಕಾರ ಬಕಾರಗಳಿಗೆ ಒಂದೇ ಅಕ್ಷರವಾದ್ದರಿಂದ ಷೇರುಪತ್ರದಲ್ಲಿ ‘ಬೈರಪ್ಪ’ ಎಂದಿರುವ ಹೆಸರು ತಾಲ್ಲೂಕು ಕಚೇರಿಯ ವಾರಿಸು ಪತ್ರದಿಂದ ಇಂಗ್ಲಿಷಿಗೆ ಬರುವಾಗ ‘ಪೈರಪ್ಪ’ ಆಗಿಬಿಡಬಹುದು. ಮರಣಪತ್ರ, ವಾರಿಸು ಪತ್ರ, ಷೇರುಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು (ಅಫಿಡವಿಟ್) ನೋಟರಿಯಿಂದ ಮಾಡಿಸಿಕೊಂಡ ಮೇಲೆಯೇ ಅರ್ಜಿ ಕಳಿಸಿ.