ಯುರೋಪಿಯನ್ ವಾಟರ್ ಪೋಲೊ ಚಾಂಪಿಯನ್‌ಶಿಪ್ ಯಾವಾಗ ಶುರುವಾಯಿತು? ಜಾಸ್ತಿ ಸಲ ಗೆದ್ದವರು ಯಾರು?

ವಾಟರ್ ಪೋಲೊ ಅಂದರೆ ಕೊಳದಲ್ಲಿ ಈಜುತ್ತಲೇ ಎದುರಾಳಿಯ ಗೋಲಿಗೆ ಚೆಂಡು ಎಸೆಯುವ ಆಟ. ನಿಮ್ಮ ಎರಡೂ ಪ್ರಶ್ನೆಗಳ ಉತ್ತರ ಹಂಗೇರಿಗೇ ಹೋಗಿ ನಿಲ್ಲುತ್ತದೆ. ಮೊದಲ ಟೂರ್ನಿ ನಡೆದದ್ದು 1926ರಲ್ಲಿ, ಬುಡಾಪೆಸ್ಟ್‌ನಲ್ಲಿ. ಗೆದ್ದದ್ದು ಹಂಗೇರಿ. 1938ರವರೆಗೆ ಐದು ಸಲ ನಡೆಯಿತು, ಐದೂ ಸಲ ಅವರೇ. ಪುರುಷರ ವಿಭಾಗದಲ್ಲಿ ಒಟ್ಟು 13 ಸಲ ಗೆದ್ದಿದ್ದಾರೆ, ಅಷ್ಟು ಬೇರೆ ಯಾರೂ ಗೆದ್ದಿಲ್ಲ.

ಆ ಕಾಲದ ತಂಡದಲ್ಲಿ ನನಗೆ ತುಂಬಾ ಇಷ್ಟವಾದ ಆಟಗಾರ ಓಲಿವೇರ್ ಹಲಾಶಿ. ಚಿಕ್ಕಂದಿನಲ್ಲೇ ಟ್ರಾಮ್‌ಗೆ ಸಿಕ್ಕಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಿದ್ದರು. ಈ ಆಟದಲ್ಲಿ ತಳಕ್ಕೆ ಕಾಲೂರುವ ಹಾಗಿಲ್ಲ. ಕಾಲು ಆಡಿಸುತ್ತಲೇ ತೇಲಬೇಕು, ಎದೆಮಟ್ಟ ಮೇಲೆದ್ದು ಚೆಂಡು ಎಸೆಯಬೇಕು. ಅದನ್ನು ಅವರು ಒಂದೇ ಪಾದದಲ್ಲಿ ಮಾಡಿದರು! 1931ರಲ್ಲಿ ಪ್ಯಾರಿಸ್‌ನಲ್ಲಿ ವಾಟರ್ ಪೋಲೊ ಚಿನ್ನದ ಜೊತೆ 1500 ಮೀಟರ್ ಫ್ರೀಸ್ಟೈಲ್ ಈಜಿನಲ್ಲೂ ಚಿನ್ನ ಗೆದ್ದರು. ಆಗೆಲ್ಲ ಈಜು, ವಾಟರ್ ಪೋಲೊ ಒಟ್ಟಿಗೇ ನಡೆಯುತ್ತಿದ್ದವು. ಬೇರೆ ಬೇರೆಯಾದದ್ದು 1999ರಲ್ಲಿ. ಮಹಿಳೆಯರ ಟೂರ್ನಿ ಶುರುವಾದದ್ದು 1985ರಲ್ಲಿ, ಓಸ್ಲೊದಲ್ಲಿ. ಆಗ ಗೆದ್ದದ್ದು ನೆದರ್‌ಲ್ಯಾಂಡ್ಸ್.

ಯುದ್ಧ ಮುಗಿದ ಮೇಲೆ 1947ರಲ್ಲಿ ಇಟಲಿ ಮೊದಲ ಸಲ ಗೆದ್ದಿತು. 1966ರಿಂದ 1987ರ ಒಳಗೆ ಸೋವಿಯತ್ ಒಕ್ಕೂಟ ಐದು ಸಲ.

ಆದರೆ ನನ್ನ ಪ್ರಕಾರ ಈ ಚಾಂಪಿಯನ್‌ಶಿಪ್‌ನ ನಿಜವಾದ ಕಥೆ ಯುಗೊಸ್ಲಾವಿಯಾದ್ದು. 1991ರಲ್ಲಿ ಅಥೆನ್ಸ್‌ನಲ್ಲಿ ಆ ದೇಶ ಗೆದ್ದಿತು, ಅದೇ ವರ್ಷ ಒಡೆಯತೊಡಗಿತು. ಮುಂದೆ ಏನಾಯಿತು ನೋಡಿ. 2006ರಲ್ಲಿ ಸರ್ಬಿಯಾ, 2008ರಲ್ಲಿ ಮಾಂಟೆನೆಗ್ರೊ, 2010ರಲ್ಲಿ ಕ್ರೊಯೇಷಿಯಾ. ಮೂರು ಟೂರ್ನಿ, ಒಂದೇ ಮನೆಯಿಂದ ಹೊರಬಂದ ಮೂರು ದೇಶಗಳು. ಅದರಲ್ಲೂ ಮಾಂಟೆನೆಗ್ರೊ ಸ್ವತಂತ್ರವಾಗಿ ಎರಡೇ ವರ್ಷವಾಗಿತ್ತು, ಜನಸಂಖ್ಯೆ ಸುಮಾರು ಆರು ಲಕ್ಷ ಅಷ್ಟೇ. ಸ್ಪೇನ್‌ನ ಮಾಲಗಾದಲ್ಲಿ ನಡೆದ 2008ರ ಫೈನಲ್‌ನಲ್ಲಿ ಎದುರು ನಿಂತದ್ದು ಸರ್ಬಿಯಾ. 2003ರಲ್ಲಿ ಇಬ್ಬರೂ ಒಂದೇ ತಂಡವಾಗಿ ಆಡಿ ಚಿನ್ನ ಗೆದ್ದಿದ್ದರು. ಅಂದರೆ ಒಬ್ಬರ ಆಟ ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತು, ಅಲ್ವಾ? ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. 6-5ರಿಂದ ಮಾಂಟೆನೆಗ್ರೊ ಗೆದ್ದಿತು. ಆ ಸ್ಕೋರ್ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಮೇಲೆ 2012ರಿಂದ 2018ರವರೆಗೆ ಸತತ ನಾಲ್ಕು ಸಲ ಸರ್ಬಿಯಾ. 2018 ಮತ್ತು 2020ರ ಫೈನಲ್‌ಗಳನ್ನು ಸ್ಪೇನ್ ಪೆನಾಲ್ಟಿಯಲ್ಲಿ ಕಳೆದುಕೊಂಡಿತು. ಒಂದು ಬಾರ್ಸಿಲೋನಾದಲ್ಲಿ, ತನ್ನದೇ ಜನರ ಮುಂದೆ. ಕೊನೆಗೆ 2024ರಲ್ಲಿ ಜಾಗ್ರೆಬ್‌ನಲ್ಲಿ, ಕ್ರೊಯೇಷಿಯಾವನ್ನು ಅದರ ನೆಲದಲ್ಲೇ ಸೋಲಿಸಿ, ಸ್ಪೇನ್ ಮೊದಲ ಸಲ ಚಾಂಪಿಯನ್ ಆಯಿತು.