ಹನ್ನೊಂದು ಜನರ ಸಭೆಯಿಂದ ಎದ್ದು ಬರಬೇಡಿ

ಮೆಲ್ಬರ್ನ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ, ಇಪ್ಪತ್ತೆರಡು ವರ್ಷದಿಂದ ಇರುವುದು ಅಲ್ಲಿ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

“ಆರು ವರ್ಷದಿಂದ ನಾನು ಇಲ್ಲಿನ ಲೇಬರ್ ಪಕ್ಷದ ಸದಸ್ಯೆ. ತಿಂಗಳಿಗೊಂದು ಮಂಗಳವಾರ ಸಂಜೆ ನಮ್ಮ ಬಡಾವಣೆಯ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಶಾಖೆ ಸೇರುತ್ತದೆ. ಹನ್ನೊಂದು ಜನ ಬಂದರೆ ಅದೇ ಹೆಚ್ಚು. ಸೌರ, ಪವನ ವಿದ್ಯುತ್ತಿಗೆ ಒತ್ತು ಕೊಡಿ, ಹೊಸ ಕಲ್ಲಿದ್ದಲಿಗೆ, ಅನಿಲಕ್ಕೆ ಅನುಮತಿ ಬೇಡ ಎಂದು ಠರಾವು ಮಾಡಿ ಮೇಲೆ ಕಳಿಸುತ್ತೇವೆ. ‘ಗಮನಿಸಲಾಗಿದೆ’ ಎಂದು ಎರಡು ಸಾಲಿನ ಉತ್ತರ ಬರುತ್ತದೆ. 2025ರ ಸೆಪ್ಟೆಂಬರಿನಲ್ಲಿ ನಮ್ಮದೇ ಸರ್ಕಾರ ನಾರ್ತ್ ವೆಸ್ಟ್ ಶೆಲ್ಫ್ ಅನಿಲ ಯೋಜನೆ 2070ರವರೆಗೂ ನಡೆಯಲಿ ಎಂದು ಒಪ್ಪಿಗೆ ಕೊಟ್ಟಿತು. ಕಾಲೇಜಿಗೆ ಹೋಗುವ ಮಗ, ‘ಅಮ್ಮ, ನೀನು ಅವರಿಗೆ ಕುರ್ಚಿ ಜೋಡಿಸಿಕೊಡುತ್ತಿದ್ದೀಯ ಅಷ್ಟೆ, ಬೀದಿಗೆ ಬಾ’ ಅನ್ನುತ್ತಾನೆ. ರಾಜೀನಾಮೆ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಕಳಿಸಲೇ?”

ಕಳಿಸಬೇಡಿ. ಕಾರಣ ಹೇಳುವುದಕ್ಕೆ ಸ್ವಲ್ಪ ಜಾಗ ಬೇಕು, ಹಾಗಾಗಿ ಈ ಸಲ ಉಳಿದ ಪತ್ರಗಳನ್ನೆಲ್ಲ ಬದಿಗಿಟ್ಟು ನಿಮ್ಮೊಬ್ಬರಿಗೇ ಬರೆಯುತ್ತಿದ್ದೇನೆ.

ನಿಮ್ಮ ಮಗನ ಮಾತು ಸುಳ್ಳಲ್ಲ. ಬೀದಿಗಿಳಿದವರಿಲ್ಲದೆ ಯಾವ ದೇಶದಲ್ಲೂ ಹೊಳೆ, ಕಾಡು ಉಳಿದಿಲ್ಲ. ನಿಮ್ಮ ದೇಶದ್ದೇ ಫ್ರಾಂಕ್ಲಿನ್ ನದಿಯ ಕಥೆ ಅವನಿಗೆ ಗೊತ್ತಿರಬಹುದು. ಟಾಸ್ಮೇನಿಯಾದಲ್ಲಿ ಆ ಹೊಳೆಗೆ ಅಣೆಕಟ್ಟು ಕಟ್ಟಲು ಹೊರಟಾಗ ಜನ ದೋಣಿ ಅಡ್ಡ ನಿಲ್ಲಿಸಿದರು, ಸಾವಿರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು, ಹೋರಾಟದ ಮುಂದಾಳು ಬಾಬ್ ಬ್ರೌನ್ ಜೈಲಿಗೆ ಹೋದರು. ಇದಿಷ್ಟನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆದರೆ ಆ ದಿಗ್ಬಂಧನ ಶುರುವಾಗುವ ಕೆಲವು ತಿಂಗಳ ಮೊದಲು, 1982ರಲ್ಲಿ, ಲೇಬರ್ ಪಕ್ಷದ ರಾಷ್ಟ್ರೀಯ ಸಮ್ಮೇಳನ ಈ ಅಣೆಕಟ್ಟು ಬೇಡ ಎಂದು ಠರಾವು ಮಾಡಿತ್ತು. 1983ರ ಮಾರ್ಚಿನಲ್ಲಿ ಅದೇ ಪಕ್ಷ ಗೆದ್ದು ಬಂತು, ಬಾಬ್ ಹಾಕ್ ಪ್ರಧಾನಿಯಾದರು. ಜುಲೈನಲ್ಲಿ ಹೈಕೋರ್ಟಿನ (ಅಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ) ನಾಲ್ವರು ನ್ಯಾಯಮೂರ್ತಿಗಳು ಅಣೆಕಟ್ಟು ತಡೆಯಲು ಹೊರಟ ಕೇಂದ್ರ ಸರ್ಕಾರದ ಪರ, ಮೂವರು ವಿರುದ್ಧ ನಿಂತರು. ಹೊಳೆ ಉಳಿಯಿತು. ದೋಣಿಯಲ್ಲಿ ಕೂತವರ ಫೋಟೋ ಇಂದಿಗೂ ಸಿಗುತ್ತದೆ. ಸಮ್ಮೇಳನದಲ್ಲಿ ಕೈಯೆತ್ತಿದವರ ಫೋಟೋ ಯಾರ ಬಳಿ ಇದೆ?

ಈಗ ನಿಮ್ಮ ಹನ್ನೊಂದು ಜನರ ಕೋಣೆಗೆ ಬರುತ್ತೇನೆ.

ನಿಮ್ಮ ಪಕ್ಷದೊಳಗೇ ಲೇಬರ್ ಎನ್ವಿರಾನ್‌ಮೆಂಟ್ ಆ್ಯಕ್ಷನ್ ನೆಟ್‌ವರ್ಕ್ ಎಂಬ ಸಾಮಾನ್ಯ ಸದಸ್ಯರ ಕೂಟ ಇರುವುದು ನಿಮಗೆ ಗೊತ್ತೇ ಇದೆ. ‘ಲೀನ್’ ಎನ್ನುತ್ತಾರೆ. ನಮ್ಮ ಓದುಗರಿಗೆ ಅವರು ಮಾಡಿದ್ದನ್ನು ಹೇಳಬೇಕು. 2030ಕ್ಕೆ ದೇಶದ ವಿದ್ಯುತ್ತಿನಲ್ಲಿ ಅರ್ಧ ಪಾಲು ನವೀಕರಿಸಬಹುದಾದ ಮೂಲಗಳಿಂದ ಬರಬೇಕು ಎಂಬ ಒಂದೇ ಒಂದು ಬೇಡಿಕೆ ಹಿಡಿದು ಅವರು ಶಾಖೆಯಿಂದ ಶಾಖೆಗೆ ಹೋದರು. ಆಗ ಆಸ್ಟ್ರೇಲಿಯಾದ ವಿದ್ಯುತ್ತಿನಲ್ಲಿ ಏಳರಲ್ಲಿ ಒಂದು ಪಾಲು ಕೂಡ ಸರಿಯಾಗಿ ಹಾಗೆ ಬರುತ್ತಿರಲಿಲ್ಲ. ನಿಮ್ಮಂಥದೇ ಲೈಬ್ರರಿ ಕೋಣೆ, ನಿಮ್ಮಂಥದೇ ಏಳೆಂಟು ಜನ. ಒಬ್ಬರು ಸೂಚಕರು, ಒಬ್ಬರು ಅನುಮೋದಕರು, ಕೈಯೆತ್ತಿದರೆ ಮುಗಿಯಿತು. ಹೀಗೆ 350ಕ್ಕೂ ಹೆಚ್ಚು ಶಾಖೆಗಳು ಅದೇ ಠರಾವನ್ನು ಒಪ್ಪಿ ಕಳಿಸಿದವು. ಒಂದು ಶಾಖೆಯ ಕಾಗದಕ್ಕೆ ‘ಗಮನಿಸಲಾಗಿದೆ’ ಎಂದು ಬರೆದು ಸುಮ್ಮನಾಗಬಹುದು. ಅದೇ ಕಾಗದ ಮುನ್ನೂರೈವತ್ತು ಊರಿನಿಂದ ಬಂದರೆ ಏನು ಮಾಡುತ್ತಾರೆ? 2015ರ ಜುಲೈನಲ್ಲಿ ನಿಮ್ಮ ಮೆಲ್ಬರ್ನ್‌ನಲ್ಲೇ ಸಮ್ಮೇಳನ ಸೇರುವ ಹೊತ್ತಿಗೆ ನಾಯಕ ಬಿಲ್ ಶಾರ್ಟನ್ ಆ ಅರ್ಧ ಪಾಲಿನ ಗುರಿಯನ್ನು ತಾವೇ ಘೋಷಿಸಿದ್ದರು. ಆ ವಾರಾಂತ್ಯ ಪತ್ರಿಕೆಗಳು ಚರ್ಚಿಸಿದ್ದು ಬಹುಪಾಲು ನಿರಾಶ್ರಿತರ ದೋಣಿಗಳನ್ನು ವಾಪಸು ಕಳಿಸುವ ವಿಷಯ. ಮೂರು ಸಾಲಿನ ಠರಾವು ದೇಶದ ದೊಡ್ಡ ಪಕ್ಷವೊಂದರ ಇಂಧನ ನೀತಿಯನ್ನೇ ತಿರುಗಿಸಿದ್ದು ಬಹಳ ಜನರ ಕಣ್ಣಿಗೆ ಬೀಳಲೇ ಇಲ್ಲ.

ಆಮೇಲಿನದನ್ನೂ ಮುಚ್ಚಿಡುವುದಿಲ್ಲ. 2019ರ ಮೇನಲ್ಲಿ ಶಾರ್ಟನ್ ಸೋತರು. ಆ ಚುನಾವಣೆಗೆ ಸ್ವಲ್ಪ ಮುಂಚೆ ಅದಾನಿ ಕಂಪನಿಯ ಕಾರ್ಮೈಕಲ್ ಕಲ್ಲಿದ್ದಲು ಗಣಿಯನ್ನು ವಿರೋಧಿಸಿ ದಕ್ಷಿಣದಿಂದ ವಾಹನಗಳ ಸಾಲು ಕ್ವೀನ್ಸ್‌ಲ್ಯಾಂಡಿಗೆ ಹೋಯಿತು. ಮುಂದೆ ನಿಂತವರು ಅದೇ ಬಾಬ್ ಬ್ರೌನ್. ಗಣಿಯ ಕೂಲಿಯನ್ನೇ ನಂಬಿದ ಊರುಗಳ ಜನ ಅವರನ್ನು ಹೊರಗಿನಿಂದ ಬುದ್ಧಿ ಹೇಳಲು ಬಂದವರು ಎಂದೇ ಕಂಡರು. ಆ ಕಡೆಯ ಕ್ಷೇತ್ರಗಳಾದ ಕ್ಯಾಪ್ರಿಕಾರ್ನಿಯಾ, ಡಾಸನ್‌ಗಳಲ್ಲಿ ಶೇ 10ಕ್ಕೂ ಹೆಚ್ಚು ಮತ ಲೇಬರ್ ಪಕ್ಷದ ವಿರುದ್ಧ ವಾಲಿತು. ಬ್ರೌನ್ ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಗಣಿ ಊರಿನವನ ಮನಸ್ಸು ತಿರುಗಬೇಕಾದರೆ ಅವನ ಪಕ್ಕದ ಕುರ್ಚಿಯಲ್ಲಿ ಕೂತು, ಅವನ ಮಗಳ ಕೆಲಸದ ಚಿಂತೆಯನ್ನು ಕೇಳಿಸಿಕೊಂಡು, ಆಮೇಲೆ ಮಾತಾಡುವವರು ಬೇಕು. ಶಾಖೆಯಲ್ಲಿ ಆಗುವುದು ಅದೇ ಕೆಲಸ. ಕಾರ್ಮಿಕ ಸಂಘದವನೂ ಪರಿಸರದವಳೂ ಒಂದೇ ಬಿಸ್ಕತ್ತಿನ ತಟ್ಟೆಗೆ ಕೈ ಹಾಕುವ ಜಾಗ ನಿಮ್ಮ ದೇಶದಲ್ಲಿ ಇನ್ನೆಲ್ಲಿದೆ ಹೇಳಿ.

2022ರಲ್ಲಿ ನಿಮ್ಮ ಪಕ್ಷ ಅಧಿಕಾರಕ್ಕೆ ಮರಳಿತು. 2030ರೊಳಗೆ ಇಂಗಾಲ ಹೊರಸೂಸುವಿಕೆಯನ್ನು 2005ರ ಮಟ್ಟಕ್ಕಿಂತ ಶೇ 43ರಷ್ಟು ಇಳಿಸುವುದನ್ನು ಕಾಯ್ದೆಯಲ್ಲೇ ಬರೆದರು. ಹಿಂದಿನ ಭರವಸೆ ಶೇ 45 ಇತ್ತು, ಎರಡು ಇಳಿಸಿದರು ಎಂದು ನೀವು ಹೇಳುತ್ತೀರಿ. ಸರಿ, ಇಳಿಸಿದ್ದು ತಪ್ಪು. ಆದರೆ ಅರ್ಧ ಪಾಲು ಎಂದರೆ ಅತಿಯಾಯಿತು ಎನ್ನಿಸಿಕೊಂಡಿದ್ದ ವಿದ್ಯುತ್ತಿನ ಗುರಿ ಈಗ ಶೇ 82. ನಾಲ್ಕು ದಶಲಕ್ಷಕ್ಕೂ ಹೆಚ್ಚು ಛಾವಣಿಗಳ ಮೇಲೆ ಸೌರ ಫಲಕಗಳಿವೆ, ಅಂದರೆ ಹೆಚ್ಚುಕಡಿಮೆ ಮೂರು ಮನೆಗೊಂದು. 2025ರ ಜುಲೈಯಿಂದ ಮನೆಯ ಬ್ಯಾಟರಿಗೂ ರಿಯಾಯಿತಿ ಬಂತು. ಇವೆಲ್ಲ ನಿಮ್ಮ ಕೋಣೆಯಿಂದಲೇ ಬಂದವು ಎನ್ನಲಾರೆ. ನಿಮ್ಮ ಕೋಣೆಗಳೆಲ್ಲ ಖಾಲಿ ಇದ್ದಿದ್ದರೆ ಬರುತ್ತಿದ್ದವೇ ಎಂದು ಕೇಳುತ್ತಿದ್ದೇನೆ.

ಖಾಲಿ ಕುರ್ಚಿಯ ಮಾತು ಬಂತು. 2021ರ ಮಾರ್ಚಿನಲ್ಲಿ ಕೆನಡಾದ ಕನ್ಸರ್ವೇಟಿವ್ ಪಕ್ಷದ ಸಮ್ಮೇಳನದ ಮುಂದೆ ಒಂದು ಠರಾವು ಬಂತು. ಅದರಲ್ಲಿ ಇದ್ದ ಒಂದು ಮಾತು: ಹವಾಮಾನ ಬದಲಾವಣೆ ನಿಜ, ಪಕ್ಷ ಅದರ ವಿರುದ್ಧ ಕೆಲಸ ಮಾಡಲು ಸಿದ್ಧ. ಆ ಚರ್ಚೆ ಮುಗಿದಿದೆ, ನಾವು ಬದಲಾಗಬೇಕು ಎಂದು ನಾಯಕ ಎರಿನ್ ಒಟೂಲ್ ಪ್ರತಿನಿಧಿಗಳಿಗೆ ಹೇಳಿದ್ದರು. ಶೇ 54 ಮಂದಿ ಠರಾವನ್ನು ತಿರಸ್ಕರಿಸಿದರು. ಮುಂದಿನ ವರ್ಷ ಫೆಬ್ರುವರಿಯಲ್ಲಿ ಒಟೂಲ್ ಅವರನ್ನು ಸ್ವಂತ ಸಂಸದರೇ ನಾಯಕತ್ವದಿಂದ ಇಳಿಸಿದರು. ತಳಮಟ್ಟದ ಸದಸ್ಯರೆಲ್ಲ ಹಸಿರಿನ ಪರ ಎಂದು ನಾನು ನಂಬಿಲ್ಲ. ಶಾಖೆಗೆ ಯಾರು ಬರುತ್ತಾರೋ ಪಕ್ಷ ಅವರಂತೆ ಆಗುತ್ತದೆ. ನೀವು ಎದ್ದು ಹೋದ ಕುರ್ಚಿಯಲ್ಲಿ ಮುಂದಿನ ಮಂಗಳವಾರ ಅನಿಲದ ಪರವಾದವರು ಬಂದು ಕೂತರೆ, ಹತ್ತು ಜನರ ಸಭೆಯಲ್ಲಿ ಅದೊಂದು ಕೈ ಎಷ್ಟು ತೂಗುತ್ತದೆ ಎಂದು ಲೆಕ್ಕ ಹಾಕಿ.

ಸಣ್ಣ ಸಭೆಯ ಬಲ ಎಷ್ಟು ಎನ್ನುವುದಕ್ಕೆ ನಾನು ಎಲ್ಲರಿಗೂ ಹೇಳುವ ಕಥೆ ಜರ್ಮನಿಯ ಹಮ್ಮೆಲ್‌ಬರ್ಗ್‌ನದು. ಬವೇರಿಯಾದ ಚಿಕ್ಕ ಪಟ್ಟಣ. ಹನ್ಸ್ ಯೋಸೆಫ್ ಫೆಲ್ ಎಂಬ ಶಾಲಾ ಮೇಷ್ಟ್ರು ಅಲ್ಲಿ ಗ್ರೀನ್ ಪಕ್ಷದಿಂದ ನಗರಸಭಾ ಸದಸ್ಯರಾಗಿದ್ದರು. ಮನೆಯ ಛಾವಣಿಯಲ್ಲಿ ಕರೆಂಟು ತಯಾರಿಸಿದವನಿಗೆ ಅವನ ಖರ್ಚು ಹುಟ್ಟುವಷ್ಟು ದರ ಕೊಡಬೇಕು ಎಂದು 1990ರ ದಶಕದ ಮೊದಲ ವರ್ಷಗಳಲ್ಲಿ ಆ ನಗರಸಭೆಯನ್ನು ಒಪ್ಪಿಸಿದರು. ಆಖನ್ ನಗರದಲ್ಲೂ ಅದೇ ಕಾಲಕ್ಕೆ ಅಂಥದೇ ಹೋರಾಟ ನಡೆದಿತ್ತು. 1998ರಲ್ಲಿ ಫೆಲ್ ಸಂಸತ್ತಿಗೆ ಹೋದರು. ಸೋಷಿಯಲ್ ಡೆಮಾಕ್ರಟ್ ಪಕ್ಷದ ಹರ್ಮನ್ ಶೀರ್ ಮತ್ತಿತರರ ಜೊತೆ ಸೇರಿ ಅದೇ ಉಪಾಯವನ್ನು ದೇಶದ ಕಾಯ್ದೆ ಮಾಡಿಸಿದರು, 2000ದ ಏಪ್ರಿಲ್ 1ರಂದು ಜಾರಿಗೆ ಬಂತು. ಜರ್ಮನಿಯಲ್ಲಿ ಆಗ ನವೀಕರಿಸಬಹುದಾದ ಮೂಲಗಳ ವಿದ್ಯುತ್ತು ಶೇ 6ರ ಆಸುಪಾಸು, ಈಗ ಅರ್ಧಕ್ಕಿಂತ ಹೆಚ್ಚು. ಆ ಕಾಯ್ದೆ ಹುಟ್ಟಿಸಿದ ಬೇಡಿಕೆಯಿಂದ ಕಾರ್ಖಾನೆಗಳು ಬೆಳೆದವು, ಫಲಕಗಳ ಬೆಲೆ ಕುಸಿಯಿತು. ನಮ್ಮ ಪಾವಗಡದ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಸಾಧ್ಯವಾದದ್ದರ ಹಿಂದೆ ಆ ಪಟ್ಟಣದ ಒಂದು ಸಂಜೆಯ ಮೀಟಿಂಗೂ ಇದೆ.

ಇಲ್ಲಿಂದ ಮುಂದಿನದು ನನ್ನ ಸಂಕಟ. ಸ್ವಲ್ಪ ಸಹಿಸಿಕೊಳ್ಳಿ.

ಪಾವಗಡದ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಎಂದು ಶುರುವಾಯಿತು. ಬರದ ಸೀಮೆಗೆ ಅದು ದೊಡ್ಡ ಆಸರೆ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಹೋಯಿತು. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಉಷ್ಣ ಸ್ಥಾವರವಿದೆ, 2015ರಿಂದ ಅದು ನಿಮ್ಮ ಕ್ವೀನ್ಸ್‌ಲ್ಯಾಂಡಿನ ಆ ಗಣಿಯ ಅದಾನಿ ಸಮೂಹದ್ದೇ. ಸುಡುವುದು ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲು. ಇಂಥ ಪ್ರಶ್ನೆಗಳನ್ನು ಪಾವಗಡದ ಒಬ್ಬ ಕೂಲಿಯವಳು, ಎಲ್ಲೂರಿನ ಒಬ್ಬ ಮಲ್ಲಿಗೆ ಬೆಳೆಗಾರ ತನ್ನ ಪಕ್ಷದ ಸಭೆಯಲ್ಲಿ ಎದ್ದು ನಿಂತು ಠರಾವಾಗಿ ಮಂಡಿಸಲು ಎಲ್ಲಿ ಅವಕಾಶವಿದೆ? ಮಿಸ್ಡ್ ಕಾಲ್ ಕೊಟ್ಟರೆ ಸದಸ್ಯತ್ವ ಸಿಗುತ್ತದೆ. ಬೂತ್‌ನಲ್ಲಿ ಕೂರಲು ಕರೆ ಬರುತ್ತದೆ, ಫ್ಲೆಕ್ಸ್ ಕಟ್ಟಲು ಕರೆ ಬರುತ್ತದೆ. ಪ್ರಣಾಳಿಕೆಗೆ ನಿನ್ನದೇನಪ್ಪಾ ಸೂಚನೆ ಎಂದು ಯಾರೂ ಕೇಳುವುದಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಕಾರ್ಯಕರ್ತ ಮೇಲೆ ಹತ್ತಲು ಇದ್ದ ಒಂದೇ ಏಣಿಯನ್ನೂ ತೆಗೆದಿಟ್ಟರು. ಶಾಸಕನಾದ ಮೇಲಾದರೂ ಸ್ವಂತ ಮಾತು ಆಡಬಹುದೇ ಎಂದರೆ, ವಿಪ್ ಮೀರಿ ಮತ ಹಾಕಿದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆ ಸ್ಥಾನಕ್ಕೇ ಕುತ್ತು ತರುತ್ತದೆ.

ತೊಂಬತ್ತರ ದಶಕದ ಒಂದು ಮಧ್ಯಾಹ್ನ ನೆನಪಾಗುತ್ತದೆ. ನಾನಾಗ ತಾಲ್ಲೂಕು ವರದಿಗಾರ. ಒಂದು ಪಕ್ಷದ ಕಾರ್ಯಕರ್ತರ ಸಭೆ, ಅಡಿಕೆ ಸೊಸೈಟಿಯ ಹಾಲ್‌ನಲ್ಲಿ. ಊಟಕ್ಕೆ ಏಳುವ ಹೊತ್ತಿಗೆ ಹಿಂದಿನ ಸಾಲಿನಿಂದ ವಯಸ್ಸಾದ ರೈತರೊಬ್ಬರು ಎದ್ದರು, ಕೈಯಲ್ಲಿ ಮಡಚಿದ ಕಾಗದ. ನೋಟ್‌ಬುಕ್ಕಿನ ಹಾಳೆಯ ಮೇಲೆ ಮೂರು ಸಾಲು: ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟನ್ನು ಹಗಲು ಕೊಡಬೇಕು. ರಾತ್ರಿ ನೀರು ಕಟ್ಟಲು ಹೋಗಿ ಹಾವು ಕಚ್ಚಿ ನಮ್ಮೂರಲ್ಲಿ ಇಬ್ಬರು ಸತ್ತಿದ್ದಾರೆ. ಹಗಲು ಕರೆಂಟು ಎಲ್ಲಿಂದ ತರಬೇಕೆಂದು ಪಕ್ಷ ಯೋಚನೆ ಮಾಡಲಿ. ಅಧ್ಯಕ್ಷರು “ಆಯ್ತಾಯ್ತು ಯಜಮಾನ್ರೆ” ಎಂದು ಕಾಗದ ಇಸಿದುಕೊಂಡು ಜೇಬಿಗೆ ಹಾಕಿದರು. ನಾನು ಬರೆದದ್ದು ನಾಯಕರ ಭಾಷಣ, ಜೊತೆಗೆ ಹಾರದ ಫೋಟೋ. ಆ ಮೂರು ಸಾಲು ವರದಿಯಲ್ಲಿ ಇರಲಿಲ್ಲ. ರಾತ್ರಿ ಪಾಳಿಯ ರೈತನಿಗೆ ಹಗಲು ಕರೆಂಟು ಕೊಡಬಲ್ಲದ್ದು ಸೂರ್ಯನೇ ಎಂದು ಈಗ ಪಂಪ್‌ಸೆಟ್ ಫೀಡರ್‌ಗಳಿಗೆ ಸೋಲಾರ್ ಜೋಡಿಸುವ ಕುಸುಮ್ ಯೋಜನೆ ಹೇಳುತ್ತಿದೆ. ಅದು ಬಂದದ್ದು 2019ರಲ್ಲಿ. ಆ ಯಜಮಾನರು ಕೇಳಿ ಇಪ್ಪತ್ತು ವರ್ಷ ದಾಟಿತ್ತು.

ನಮ್ಮ ಪತ್ರಿಕೆಗಳಿಗೂ ಈ ಪಾಪದಲ್ಲಿ ಪಾಲಿದೆ. ಯಾರು ಪಕ್ಷ ಬಿಟ್ಟರು, ಯಾರು ಸೇರಿದರು ಎನ್ನುವುದಕ್ಕೆ ಮುಖಪುಟ ಕೊಡುತ್ತೇವೆ. ಪಕ್ಷದಲ್ಲೇ ಉಳಿದು ವಾದ ಮಾಡುವವರಿಗೆ ಒಳಪುಟದಲ್ಲೂ ಜಾಗವಿಲ್ಲ.

ಅದಕ್ಕೇ, ನಿಮ್ಮ ಮೇಲೆ ನನಗೆ ಸ್ವಲ್ಪ ಕೋಪವೂ ಇದೆ, ತಾಯಿ. ನಮ್ಮವರಿಗೆ ಸಿಗದ ಕೋಣೆ ನಿಮಗೆ ಸಿಕ್ಕಿದೆ. ಆರು ವರ್ಷ ಬೀಗ ತೆಗೆದು, ಕುರ್ಚಿ ಹಾಕಿ, ಚಹಾ ಕಾಸಿದ್ದೀರಿ. ಒಂದು ಅನಿಲ ಯೋಜನೆಗೆ ಸೋತು ಹೊರಡುತ್ತೇನೆ ಎನ್ನುತ್ತೀರಿ. 2070ರವರೆಗೆ ಅನುಮತಿ ಕೊಟ್ಟದ್ದು ಸರಿಯಲ್ಲ ಎಂದು ನನಗೂ ಅನಿಸುತ್ತದೆ. ಸರಿಯಲ್ಲ ಎಂದು ಸರ್ಕಾರದ ಮುಖಕ್ಕೆ ಹೇಳುವ ಹಕ್ಕು ಹೊರಗಿನವರಿಗಿಂತ ಹೆಚ್ಚು ನಿಮಗಿದೆ, ಅವರ ಕರಪತ್ರ ಹಂಚಿದವರು ನೀವು.

ಮಗ ಬೀದಿಗೆ ಹೋಗಲಿ, ತಡೆಯಬೇಡಿ. ಒಂದು ಮಂಗಳವಾರ ಅವನನ್ನೂ ಕರೆದುಕೊಂಡು ಹೋಗಿ, ಹನ್ನೆರಡು ಜನ ಆಗುತ್ತೀರಿ. ಲೀನ್‌ನವರ ಹಾಗೆ ಒಂದೇ ಬೇಡಿಕೆ, ಮೂರೇ ಸಾಲು ಇರಲಿ. ನಿಮ್ಮ ಶಾಖೆಯಲ್ಲಿ ಪಾಸಾದ ರಾತ್ರಿಯೇ ಪಕ್ಕದ ಶಾಖೆಗೆ ಫೋನು ಮಾಡಿ. ಆ ಠರಾವಿನ ಕನ್ನಡ ಪ್ರತಿಯೊಂದನ್ನು ನನಗೂ ಕಳಿಸಿ. ಅಚ್ಚು ಹಾಕುತ್ತೇನೆ.

— ಸಂಪಾದಕ